ಮೊತ್ತದ ಕಾಲಂ ನೋಡಿ ಓದಲು ಕಲಿತೆ

ನಮ್ಮಜ್ಜಿ ಮೈಸೂರಿನಲ್ಲಿ ಮೂರು ಮನೆಗಳಲ್ಲಿ ಮುಸುರೆ ತಿಕ್ಕಿ ಮಕ್ಕಳನ್ನು ಬೆಳೆಸಿದರು. ಅವರ ದುಡಿಮೆಗೆ ಎಲ್ಲೂ ಒಂದು ಸಾಲಿನ ದಾಖಲೆಯಿಲ್ಲ. ನಾನು ಎಡಿನ್‌ಬರೋಗೆ ಬಂದ ಮೇಲೆ, ಇಲ್ಲಿನ ಮನೆಗೆಲಸದ ಹೆಂಗಸರ ಹೆಸರುಗಳು 18ನೇ ಶತಮಾನದ ತೆರಿಗೆ ಪಟ್ಟಿಗಳಲ್ಲಿ ಉಳಿದಿವೆ ಅಂತ ಗೊತ್ತಾಯಿತು. ಸುಮ್ನೆ ಇರಲು ಆಗಲಿಲ್ಲ. ಹತ್ತಿರದ ಹ್ಯಾಡಿಂಗ್ಟನ್ ಊರನ್ನು ಹಿಡಿದುಕೊಂಡು ಓದಲು ಕೂತೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹಣ ಬೇಕಾಗಿ 1777ರಲ್ಲಿ ಬ್ರಿಟನ್ ಪ್ರಧಾನಿ ಲಾರ್ಡ್ ನಾರ್ತ್ ಗಂಡಾಳುಗಳ ಮೇಲೆ ತೆರಿಗೆ ಹಾಕಿದರು. ಒಬ್ಬ ಆಳಿಗೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್. ಬಟ್ಲರ್, ಕೋಚ್‌ಮನ್, ತೋಟದ ಮಾಲಿ ಇಂಥವರು ಲೆಕ್ಕಕ್ಕೆ ಬರುತ್ತಿದ್ದರು. ಹೊಲ ಉಳುವವರಿಗೆ ವಿನಾಯಿತಿ. 1785ರಲ್ಲಿ ಪ್ರಧಾನಿ ಪಿಟ್ ಅವರ ಸರ್ಕಾರ ಹೆಣ್ಣಾಳುಗಳ ಮೇಲೂ ತೆರಿಗೆ ತಂದಿತು. ಅದು 1792ರವರೆಗೆ ಮಾತ್ರ ನಡೆಯಿತು. ನನಗೆ ಬೇಕಿದ್ದದ್ದು ಈ ಎರಡನೆಯದು.

ಆರಂಭದಲ್ಲೇ ತಪ್ಪಿದೆ. ಹ್ಯಾಡಿಂಗ್ಟನ್ ಪೂರ್ವ ಲೋಥಿಯನ್ ಕೌಂಟಿಯಲ್ಲಿದೆ ಅಲ್ವಾ, ಹಾಗಾಗಿ ಕೌಂಟಿ ಪಟ್ಟಿಯನ್ನೇ ಒಂದು ವಾರ ಜಾಲಾಡಿದೆ. ಊರಿನೊಳಗಿನ ಮನೆಗಳೇ ಸಿಗಲಿಲ್ಲ. ಹ್ಯಾಡಿಂಗ್ಟನ್ ರಾಯಲ್ ಬರೋ, ಅಂದರೆ ರಾಜನ ಸನ್ನದು ಪಡೆದ ಪಟ್ಟಣ; ಅಂಥ ಊರುಗಳ ಪಟ್ಟಿ ಬೇರೆಯೇ ಇರುತ್ತದೆ. ಮೊದಲು ಊರು ಯಾವ ಬಗೆಯದು ಅಂತ ನೋಡಿಕೊಂಡಿದ್ದರೆ ಆ ವಾರ ಉಳಿಯುತ್ತಿತ್ತು.

ಕೈಬರಹ ಕಷ್ಟ. ಹೆಸರು ಓದಲು ಆಗದಿದ್ದಾಗ ನಾನು ಕೊನೆಯ ಕಾಲಮ್ಮಿನ ಮೊತ್ತಕ್ಕೆ ಹೋಗುತ್ತಿದ್ದೆ. ಒಬ್ಬಳಿದ್ದರೆ 2 ಶಿಲಿಂಗ್ 6 ಪೆನ್ಸ್. ಇಬ್ಬರಿದ್ದರೆ ತಲಾ 5. ಮೂವರು ಅಥವಾ ಜಾಸ್ತಿ ಇದ್ದರೆ ತಲಾ 10. ಅಂದರೆ ಎರಡರಿಂದ ಮೂರಕ್ಕೆ ಹೋದ ಮನೆಯ ತೆರಿಗೆ 10 ಶಿಲಿಂಗಿನಿಂದ ಒಮ್ಮೆಲೇ 30ಕ್ಕೆ ಏರುತ್ತಿತ್ತು! ಮದುವೆಯಾಗದ ಯಜಮಾನನಿಗೆ ಇದೆಲ್ಲ ಎರಡರಷ್ಟು. ಹಾಗಾಗಿ ಒಬ್ಬಳೇ ಕೆಲಸದವಳಿದ್ದು 5 ಶಿಲಿಂಗ್ ಬರೆದಿದ್ದರೆ, ಅದು ಒಂಟಿ ಗಂಡಸಿನ ಮನೆ ಇರಬಹುದು ಅಂತ ಗುರುತು ಹಾಕಿಕೊಂಡೆ. ಇನ್ನು ಚಿಕ್ಕ ಮಕ್ಕಳಿದ್ದ ಮನೆಗೆ ರಿಯಾಯಿತಿ ಇತ್ತು. ಆದ್ದರಿಂದ ಪಟ್ಟಿಯಲ್ಲಿಲ್ಲದ ಮನೆಯಲ್ಲಿ ಕೆಲಸದವಳೇ ಇರಲಿಲ್ಲ ಅಂದುಕೊಳ್ಳುವ ಹಾಗಿಲ್ಲ.

ನನ್ನನ್ನು ಜಾಸ್ತಿ ಹಿಡಿದದ್ದು ಮಾತ್ರ ಹೆಸರುಗಳೇ. ಬೇರೆ ಬೇರೆ ವರ್ಷಗಳ ಪಟ್ಟಿ ಪಕ್ಕಪಕ್ಕ ಇಟ್ಟರೆ ಯಜಮಾನ ಅವನೇ, ಕೆಲಸದವಳು ಬೇರೆ. ಆಳುಗಳು ಕೆಲಸ ಬದಲಿಸುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಮೇ ತಿಂಗಳ ವಿಟ್‌ಸನ್ ಮತ್ತು ನವೆಂಬರಿನ ಮಾರ್ಟಿನ್ಮಸ್ ಗಡುವಿಗೆ. ಅದಕ್ಕೇ ಹೆಸರನ್ನು ಒಂದೇ ಮನೆಯಲ್ಲಿ ಹುಡುಕುವುದು ಬಿಟ್ಟು, ಇಡೀ ಊರಿನ ಪಟ್ಟಿಯಲ್ಲಿ ಹುಡುಕತೊಡಗಿದೆ. ಜಾನೆಟ್ ಅಂತ ಒಂದು ವರ್ಷ ಬರೆದವಳನ್ನು ಇನ್ನೊಂದು ವರ್ಷ ಅದರ ಮುದ್ದಿನ ರೂಪವಾದ ಜೆಸ್ಸಿ ಅಂತ ಬರೆದಿರಬಹುದು, ಅದನ್ನೂ ನೆನಪಿಡಬೇಕು.

ಹೀಗೆ ಹುಡುಕುವಾಗ ಮೂರು ವರ್ಷ ಮೂರು ಮನೆಗಳಲ್ಲಿ ಒಂದೇ ಹೆಸರು ಸಿಕ್ಕಿತು. ಒಬ್ಬಳೇನಾ, ಒಂದೇ ಹೆಸರಿನ ಮೂವರಾ? ನಾಲ್ಕನೇ ವರ್ಷ ಅದು ಪಟ್ಟಿಯಲ್ಲಿಲ್ಲ. ಸ್ಕಾಟ್‌ಲೆಂಡಿನ ದಾಖಲೆಗಳಲ್ಲಿ ಹೆಂಗಸರ ತವರಿನ ಹೆಸರು ಮದುವೆಯ ನಂತರವೂ ಉಳಿಯುತ್ತದೆ. ಹಾಗಾಗಿ ಈಗ ಚರ್ಚಿನ ಮದುವೆ ಮತ್ತು ನಾಮಕರಣದ ಪುಸ್ತಕಗಳನ್ನು ತೆರೆದು ಅವಳನ್ನು ಹುಡುಕುತ್ತಿದ್ದೇನೆ.