ಸ್ಲೈಡ್ ಮೇಲಿನ ಮೊಟ್ಟೆ, ಅಂಗಳದ ಮಣ್ಣು

ಬೆಂಗಳೂರಿನ ಒಂದು ಚಿಕ್ಕ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಮಲ ಪರೀಕ್ಷೆ ಅಂದರೆ ಮೂಗು ಮುರಿಯುವವರೇ ಜಾಸ್ತಿ. ನನಗೆ ಅದು ಇಷ್ಟದ ಕೆಲಸ. ವೈಟ್‌ಫೀಲ್ಡ್ ಕಡೆ ಕಟ್ಟಡ ಕೆಲಸದವರ ಶೆಡ್‌ಗಳಿಂದ ಮಕ್ಕಳ ಸ್ಯಾಂಪಲ್ ಬಂದರಂತೂ ಅವಸರವೇ ಮಾಡುವುದಿಲ್ಲ.

ಮೊದಲು ಸಲೈನ್‌ನಲ್ಲಿ ನೇರವಾಗಿ ಒಂದು ಸ್ಲೈಡ್ ಮಾಡಿ ಹೊಟ್ಟೆಹುಳದ ಮೊಟ್ಟೆ ಇದೆಯೇ ನೋಡುತ್ತೇನೆ. ಆಮೇಲೆ ಉಪ್ಪುನೀರು. ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಲ್ಲಿ ಸ್ಯಾಂಪಲ್ ಕದಡಿ, ಸೀಸೆಯ ಅಂಚಿನವರೆಗೂ ತುಂಬಿಸಿ, ಮೇಲೆ ಸ್ಲೈಡ್ ಇಟ್ಟು 20–30 ನಿಮಿಷ ಅಲುಗಿಸದೆ ಬಿಡಬೇಕು. ಕಸ ತಳ ಸೇರುತ್ತದೆ, ಮೊಟ್ಟೆ ತೇಲಿ ಬಂದು ಸ್ಲೈಡಿಗೆ ಅಂಟುತ್ತದೆ. ಕೊಕ್ಕೆಹುಳುವಿಗೆ ಇದು ತುಂಬಾ ಒಳ್ಳೆಯ ವಿಧಾನ. ದುಂಡುಹುಳುವಿನ ಫಲಿಸದ ಮೊಟ್ಟೆ ಮಾತ್ರ ಭಾರ, ತೇಲುವುದಿಲ್ಲ. ಅದಕ್ಕೇ ಮೊದಲ ಸ್ಲೈಡ್ ಬಿಡಬಾರದು. ಚಾಟಿಹುಳುವಿನ ಮೊಟ್ಟೆ ಎರಡೂ ತುದಿಗೆ ಬಿರಡೆ ಹಾಕಿದ ಪುಟ್ಟ ಮೃದಂಗದ ಹಾಗಿರುತ್ತದೆ.

ತರಬೇತಿಗೆ ಬರುವ ಹುಡುಗರು ಇದನ್ನೆಲ್ಲ ನೋಡಿ, ಇಂಥ ಹುಳಗಳು ಭೂಮಿ ಮೇಲೆ ಇರಲೇಬಾರದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳ ಹೊಟ್ಟೆಯಿಂದ ಹೋಗಲಿ, ಸರಿ. ಕಾಡಿನ ಲೆಕ್ಕ ಬೇರೆ. ಕೂದಲೆಳೆಯಂಥ ಒಂದು ಹುಳ ಮಿಡತೆ ಜಾತಿಯ ಕೀಟದೊಳಗೆ ಬೆಳೆದು, ಬಲಿತ ಮೇಲೆ ಆ ಕೀಟ ತಾನಾಗಿ ನೀರಿಗೆ ಬೀಳುವಂತೆ ಮಾಡುತ್ತದೆ. ಜಪಾನಿನ ಒಂದು ಹೊಳೆಯಲ್ಲಿ ಟ್ರೌಟ್ ಮೀನಿಗೆ ವರ್ಷಕ್ಕೆ ಸಿಗುವ ಶಕ್ತಿಯ ಸುಮಾರು ಶೇ. 60 ಹೀಗೆ ಬಿದ್ದ ಕೀಟಗಳಿಂದಲೇ ಬರುತ್ತದಂತೆ. ಆ ಹುಳ ಅಳಿದರೆ ಮೀನು ಏನು ತಿನ್ನಬೇಕು?

"ಶಾಲೇಲಿ ಮಾತ್ರೆ ಕೊಟ್ಟಿದ್ರಲ್ಲ ಮೇಡಂ, ಮತ್ತೆ ಹೆಂಗೆ ಬಂತು?" ರಿಪೋರ್ಟ್ ಕೈಗೆ ಕೊಟ್ಟಾಗ ತಾಯಂದಿರು ಕೇಳುವುದು ಇದನ್ನೇ. ಬೆಲ್ಲ ತಿಂದಿದ್ದಕ್ಕೇ ಹುಳ ಆಯ್ತು ಅಂತ ಅಷ್ಟರಲ್ಲಿ ಅಜ್ಜಿ ಮಗುವನ್ನು ಸುಮ್ನೆ ಬೈದಿರುತ್ತಾರೆ. ಹುಳ ಬರುವುದು ಮಣ್ಣಿನಿಂದ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಬಯಲಲ್ಲಿ ಕೂತರೆ ಅವೆಲ್ಲ ಮಣ್ಣು ಸೇರಿ, ಕೆಲವು ವಾರ ಬಲಿತು, ಕೊಳೆ ಬೆರಳು, ತೊಳೆಯದ ಸೊಪ್ಪಿನಿಂದ ಬಾಯಿಗೆ ಬರುತ್ತವೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ತೂರಿಯೇ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ಮಗು ಬಿಳಿಚಿಕೊಳ್ಳುತ್ತದೆ. ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಯೊಳಗಿನ ಹುಳ ಕೊಲ್ಲುತ್ತದೆ, ಅಂಗಳದ ಮೊಟ್ಟೆ ಹಾಗೇ ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಮಣ್ಣಿನಿಂದ ಬರುವ ಹುಳದ ಕಾಟವಿದೆ. ಮಹಡಿ ಮೇಲೆ ಮಹಡಿ ಕಟ್ಟುವವರ ಶೆಡ್‌ಗೆ ಒಂದು ನೆಟ್ಟಗಿನ ಶೌಚಾಲಯ ಇಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ಮಾತ್ರೆ ಬಿಡಬೇಡಿ ಅಂತಲೂ ಹೇಳುತ್ತೇನೆ. ಫೆಬ್ರವರಿ, ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಉಚಿತವಾಗಿ ಕೊಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸಬೇಕು. ದೊಡ್ಡ ಮಕ್ಕಳು ನುಂಗದೆ ಅಗಿದು ತಿನ್ನಬೇಕು.