ಡಿಎಫ್‌ನ ಲೆಕ್ಕವೂ ಡಿಯುನ ಲೆಕ್ಕವೂ ಹೊಂದದಿದ್ದಾಗ

ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ಗಳಲ್ಲಿ ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂದರೆ, ಒಂದು ಫೈಲನ್ನೂ ಅಳಿಸುವ ಮೊದಲು ಡಿಎಫ್ ಮತ್ತು ಡಿಯು ಎಂಬ ಎರಡು ಕಮಾಂಡ್‌ಗಳ ಉತ್ತರಗಳನ್ನು ಹೋಲಿಸಿ ನೋಡುತ್ತೇನೆ. ಡಿಎಫ್ ನೇರವಾಗಿ ಫೈಲ್ ಸಿಸ್ಟಮನ್ನೇ ಕೇಳಿ ಎಷ್ಟು ಬ್ಲಾಕ್‌ಗಳು (ಡಿಸ್ಕ್ ಜಾಗದ ತುಣುಕುಗಳು) ಬಳಕೆಯಲ್ಲಿವೆ ಎಂದು ತಿಳಿಸುತ್ತದೆ. ಡಿಯು ಹಾಗಲ್ಲ, ಅದು ಡೈರೆಕ್ಟರಿಗಳ ಒಳಹೊಕ್ಕು, ಹೆಸರಿರುವ ಒಂದೊಂದು ಫೈಲಿನ ಬ್ಲಾಕ್‌ಗಳನ್ನೂ ಕೂಡುತ್ತಾ ಹೋಗುತ್ತದೆ. ಎರಡೂ ಲೆಕ್ಕಗಳು ಹತ್ತಿರವಿದ್ದರೆ ಸಮಸ್ಯೆ ಕಣ್ಣೆದುರಿನ ಫೈಲುಗಳಲ್ಲಿದೆ. ದೂರವಿದ್ದರೆ ಎಷ್ಟು ಹುಡುಕಿದರೂ ದೊಡ್ಡ ಫೈಲು ಸಿಗುವುದಿಲ್ಲ.

ಹತ್ತಿರವಿದ್ದಾಗ ನಾನು ರೂಟ್ (ಸರ್ವರಿನ ಪೂರ್ಣಾಧಿಕಾರಿ) ಅಧಿಕಾರದಿಂದ ‘ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್’ ಎಂದು ಕೊಟ್ಟು, ಕೊನೆಯ ಒಟ್ಟು ಮೊತ್ತದ ಸಾಲಿಗೆ ಸ್ವಲ್ಪ ಮೇಲೆ, ಅತಿ ದೊಡ್ಡದಾಗಿ ಕಾಣುವ ಡೈರೆಕ್ಟರಿಯೊಳಗೆ ಹೋಗಿ ಅದನ್ನೇ ಮತ್ತೆ ನಡೆಸುತ್ತೇನೆ. ಎಕ್ಸ್ ಇಲ್ಲದಿದ್ದರೆ ಬೇರೆ ಡಿಸ್ಕ್‌ಗಳಿಂದ ಮೌಂಟ್ ಆದದ್ದೂ (ಜೋಡಿಸಿದ್ದೂ) ಲೆಕ್ಕಕ್ಕೆ ಸೇರಿಬಿಡುತ್ತದೆ. ಸಾರ್ಟ್‌ಗೆ ಎಚ್ ಬದಲು ಎನ್ ಕೊಟ್ಟರೆ 900 ಕೆಬಿ ಎಂಬುದು 2 ಜಿಬಿಗಿಂತ ದೊಡ್ಡದಾಗಿ ಕೆಳಗೆ ಬರುತ್ತದೆ, ಏಕೆಂದರೆ ಅದು ಅಂಕಿಯನ್ನಷ್ಟೇ ನೋಡುತ್ತದೆ.

ಡಿಎಫ್ ಹೆಚ್ಚು ಬಳಕೆಯನ್ನೂ ಡಿಯು ಬಹಳ ಕಡಿಮೆಯನ್ನೂ ತೋರಿಸಿದಾಗ ನಾನು ಮೊದಲು ಶಂಕಿಸುವುದು ಅಳಿಸಿದ ಮೇಲೂ ತೆರೆದೇ ಇರುವ ಫೈಲುಗಳನ್ನು. ಆರ್‌ಎಂ ಕಮಾಂಡ್ ಫೈಲಿನ ಹೆಸರನ್ನು ಮಾತ್ರ ತೆಗೆಯುತ್ತದೆ; ಆ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವವರೆಗೆ ಬ್ಲಾಕ್‌ಗಳು ಬಿಡುಗಡೆಯಾಗುವುದಿಲ್ಲ. ‘ಎಲ್‌ಎಸ್‌ಒಎಫ್’ಗೆ ಪ್ಲಸ್ ಚಿಹ್ನೆ, ದೊಡ್ಡಕ್ಷರದ ಎಲ್ ಮತ್ತು 1 ಸೇರಿಸಿ ಕೊಟ್ಟರೆ ಹೆಸರು ಕಳೆದುಕೊಂಡ ಇಂಥ ಫೈಲುಗಳೂ ಅವುಗಳನ್ನು ಹಿಡಿದಿರುವ ಪ್ರೋಗ್ರಾಂಗಳೂ ಪಟ್ಟಿಯಾಗಿ ಬರುತ್ತವೆ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಜಾಗ ತಕ್ಷಣ ಮರಳುತ್ತದೆ.

ಇದೇ ಕಾರಣಕ್ಕೆ ಪ್ರೋಗ್ರಾಂ ತನ್ನ ಕೆಲಸವನ್ನು ದಾಖಲಿಸುತ್ತಾ ಹೋಗುವ, ಚಾಲ್ತಿಯಲ್ಲಿರುವ ಲಾಗ್ ಫೈಲನ್ನು ನಾನು ಅಳಿಸುವುದಿಲ್ಲ, ‘ಟ್ರಂಕೇಟ್ -ಎಸ್ 0’ ಎಂದು ಖಾಲಿ ಮಾಡುತ್ತೇನೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಪ್ರೋಗ್ರಾಂ ಅದನ್ನು ಅಪೆಂಡ್ (ಸದಾ ಕೊನೆಗೆ ಸೇರಿಸುವ) ರೀತಿಯಲ್ಲಿ ತೆರೆದಿರದಿದ್ದರೆ, ಖಾಲಿಯಾದ ಮೇಲೂ ಹಿಂದೆ ನಿಲ್ಲಿಸಿದ ಸ್ಥಾನದಿಂದಲೇ ಬರೆಯುವುದನ್ನು ಮುಂದುವರಿಸುತ್ತದೆ. ಆಗ ಫೈಲಿನ ಆರಂಭದಲ್ಲಿ ಬ್ಲಾಕ್‌ಗಳೇ ಇಲ್ಲದ ದೊಡ್ಡ ತೆರಪು ಉಳಿದು, ‘ಎಲ್‌ಎಸ್ -ಎಲ್’ ಹಳೆಯ ದೊಡ್ಡ ಗಾತ್ರವನ್ನೇ ತೋರಿಸಿದರೂ ಡಿಯು ನಿಜವಾಗಿ ಹಿಡಿದ ಸ್ವಲ್ಪ ಜಾಗವನ್ನಷ್ಟೇ ಹೇಳುತ್ತದೆ. ಇಂಥ ಕಡೆ ಡಿಯುನ ಮಾತನ್ನೇ ನಂಬಬೇಕು. ಹಳೆಯ ಲಾಗ್‌ಗಳನ್ನು ನಿಭಾಯಿಸುವ ಲಾಗ್‌ರೊಟೇಟ್‌ನಲ್ಲಿ, ಫೈಲನ್ನು ನಕಲಿಸಿ ಮೂಲವನ್ನು ಖಾಲಿ ಮಾಡುವ ‘ಕಾಪಿಟ್ರಂಕೇಟ್’ ಆಯ್ಕೆಯೂ ಹೀಗೆಯೇ ಕೆಲಸ ಮಾಡುತ್ತದೆ, ಆದರೆ ನಕಲು ಮುಗಿದು ಖಾಲಿ ಮಾಡುವ ನಡುವಿನ ಕ್ಷಣದಲ್ಲಿ ಬಂದ ಸಾಲುಗಳು ಕಳೆದುಹೋಗಬಹುದಾದ್ದರಿಂದ, ಲಾಗ್ ಫೈಲನ್ನು ಮತ್ತೆ ತೆರೆಯಲು ಬಲ್ಲ ಪ್ರೋಗ್ರಾಂಗಳಿಗೆ ನಾನು ಅದನ್ನು ಬಳಸುವುದಿಲ್ಲ.

ಜಾಗ ಉಳಿದಿದ್ದರೂ ‘ಜಾಗವಿಲ್ಲ’ ಎಂಬ ದೋಷ ಬಂದರೆ ‘ಡಿಎಫ್ -ಐ’ ಕೊಟ್ಟು ಐನೋಡ್‌ಗಳನ್ನು (ಒಂದೊಂದು ಫೈಲಿನ ವಿವರ ಇಡುವ ದಾಖಲೆಗಳನ್ನು) ನೋಡುತ್ತೇನೆ. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ, ಸಾಮಾನ್ಯವಾಗಿ 16,384 ಬೈಟ್‌ಗೆ ಒಂದರಂತೆ, ನಿಗದಿಯಾಗುತ್ತದೆ. ಕ್ಯಾಶ್ ಅಥವಾ ಸೆಷನ್ ಡೈರೆಕ್ಟರಿಯಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲುಗಳು ಬೆಳೆದರೆ ಜಾಗಕ್ಕಿಂತ ಮೊದಲು ಐನೋಡ್‌ಗಳೇ ಮುಗಿಯುತ್ತವೆ. ಇಂಥ ಡೈರೆಕ್ಟರಿಯನ್ನು ‘ಡಿಯು --ಐನೋಡ್ಸ್’ ತೋರಿಸಿಕೊಡುತ್ತದೆ.

ಫೈಲುಗಳನ್ನು ಹುಡುಕುವ ಫೈಂಡ್ ಕಮಾಂಡ್ ಬಳಸುವವರು ಒಂದನ್ನು ಗಮನಿಸಬೇಕು: ಅದು ಗಾತ್ರವನ್ನು ಕೊಟ್ಟ ಮಾನಕ್ಕೆ ಮೇಲಕ್ಕೆ ಪೂರ್ಣಗೊಳಿಸುವುದರಿಂದ ‘-ಸೈಜ್ -1ಎಂ’ ಎಂದರೆ ಖಾಲಿ ಫೈಲುಗಳು ಮಾತ್ರ ಸಿಗುತ್ತವೆ. ಅಳಿಸುವ ಕೆಲಸಕ್ಕೆ ನಾನು ಯಾವಾಗಲೂ ಬೈಟ್‌ಗಳಲ್ಲೇ ಗಾತ್ರ ಕೊಡುತ್ತೇನೆ, ಮತ್ತು ‘-ಡಿಲೀಟ್’ ಸೇರಿಸುವ ಮೊದಲು ಅದಿಲ್ಲದೆ ಒಮ್ಮೆ ನಡೆಸಿ ಪಟ್ಟಿಯನ್ನು ಪೂರ್ತಿ ಓದುತ್ತೇನೆ.

ಇಷ್ಟಾದರೂ ಡಿಎಫ್‌ನಲ್ಲಿ ಬಳಸಿದ್ದು ಮತ್ತು ಉಳಿದದ್ದು ಸೇರಿ ಒಟ್ಟು ಗಾತ್ರಕ್ಕೆ ಸಮನಾಗದಿದ್ದರೆ, ಇಎಕ್ಸ್‌ಟಿ4 ರೂಟ್‌ಗಾಗಿ ಸಾಮಾನ್ಯವಾಗಿ ಕಾಯ್ದಿರಿಸುವ ಶೇ 5ರಷ್ಟು ಬ್ಲಾಕ್‌ಗಳೇ ಬಹುಮಟ್ಟಿಗೆ ಅದಕ್ಕೆ ಕಾರಣ. 4 ಟಿಬಿ ಡಿಸ್ಕಿನಲ್ಲಿ ಇದು 200 ಜಿಬಿ ಆಗುತ್ತದೆ. ಬರೀ ಡೇಟಾ ಇಡುವ ಡಿಸ್ಕ್‌ಗಳಲ್ಲಿ ಇದನ್ನು ‘ಟ್ಯೂನ್2ಎಫ್‌ಎಸ್ -ಎಂ 1’ ಬಳಸಿ ಶೇ 1ಕ್ಕೆ ಇಳಿಸುತ್ತೇನೆ. ಸಿಸ್ಟಮ್ ಇರುವ ರೂಟ್ ಪಾರ್ಟಿಷನ್‌ನಲ್ಲಿ ಇದನ್ನು ಮುಟ್ಟುವುದಿಲ್ಲ.