ತಿರುವು ಮುಗಿದ ತಕ್ಷಣ ಜಂಪ್ ಬಂದರೆ ಮೈ ಹೇಗಿರಬೇಕು

ಮೋಟೊಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್ ಕಲಿಯುತ್ತಿರುವ ಪುಣೆಯ ನಮ್ಮ ಕನ್ನಡ ಹುಡುಗರಿಗೆ ಒಂದು ಮಾತು. ತಿರುವು ದಾಟಿದ ಮೇಲೂ ಸೀಟಿನಲ್ಲಿ ಕೂತೇ ಜಂಪ್‌ಗೆ, ಅಂದರೆ ಹಾರುವ ದಿಬ್ಬಕ್ಕೆ, ಹೋಗಬೇಡಿ. ಕೂತಿದ್ದರೆ ಹಿಂದಿನ ಸಸ್ಪೆನ್ಷನ್ ಜಾಸ್ತಿ ಅದುಮಿ, ತುದಿಯಲ್ಲಿ ಜೋರಾಗಿ ಒದೆಯುತ್ತದೆ. ಪಳಗಿದ ರೈಡರ್‌ಗಳು ಇದನ್ನೇ ಬೇಕಂತ ಬಳಸಿ ಎತ್ತರ ಪಡೆಯುತ್ತಾರೆ, ಕಲಿಯುವವರಿಗೆ ಅದು ಈಗಲೇ ಬೇಡ.

ತಿರುವಿನಲ್ಲಿ ಟ್ಯಾಂಕ್ ಹತ್ತಿರ ಕೂತು ಹೊರಗಿನ ಫುಟ್‌ಪೆಗ್ (ಕಾಲಿಡುವ ಕಡ್ಡಿ) ಒತ್ತಿ, ಹೊರಗಿನ ಮೊಣಕೈ ಮೇಲಿರಲಿ. ಬೈಕ್ ನೇರವಾಗುತ್ತಿದ್ದಂತೆ ಒಳಗಿನ ಕಾಲನ್ನು ಪೆಗ್ ಮೇಲಿಟ್ಟು, ದಿಬ್ಬ ಶುರುವಾಗುವ ಮೊದಲೇ ಎದ್ದು ನಿಂತುಬಿಡಿ, ಇಲ್ಲಿ ತಡವಾದರೆ ಮುಂದಿನದೆಲ್ಲ ಕೆಡುತ್ತದೆ. ಮಂಡಿ ಸ್ವಲ್ಪ ಬಾಗಿರಲಿ, ಮಂಡಿಗಳಿಂದಲೇ ಬೈಕ್ ಹಿಡಿಯಿರಿ, ಹ್ಯಾಂಡಲ್ ಹಿಡಿದು ನೇತಾಡಬೇಡಿ. ತಲೆ ಹ್ಯಾಂಡಲ್‌ಬಾರ್ ಮೇಲಿರಲಿ.

ಥ್ರಾಟಲ್ ತುದಿಯವರೆಗೂ ಒಂದೇ ಸಮ. ಹೆದರಿ ಬಿಟ್ಟರೆ ಮುಂದಿನ ಚಕ್ರ ಕುಸಿಯುತ್ತದೆ. ಬೈಕ್ ವಾಲಿಕೊಂಡೇ ಹಾರಿದರೆ ಗಾಳಿಯಲ್ಲಿ ಪಕ್ಕಕ್ಕೆ ಹೋಗುತ್ತದೆ, ಅಲ್ವಾ? ಹಾರಿದ ಮೇಲೆ ಮುಂಭಾಗ ಜಾಸ್ತಿ ಎದ್ದರೆ ಹಿಂದಿನ ಬ್ರೇಕ್ ಮುಟ್ಟಿ, ಕೆಳಗಿಳಿದರೆ ಥ್ರಾಟಲ್ ಕೊಡಿ.

2024ರಲ್ಲಿ ನಮ್ಮ ಪುಣೆಯಲ್ಲೇ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಒಂದು ಸುತ್ತು ನಡೆಯಿತು. ಅದರ ವಿಡಿಯೊ ನೋಡುವಾಗ ಹಾರಾಟ ಬಿಟ್ಟು, ರೈಡರ್ ಯಾವಾಗ ಏಳುತ್ತಾನೆ ಅಂತ ಗಮನಿಸಿ. ಮೊದಲು ಚಿಕ್ಕ ಟೇಬಲ್‌ಟಾಪ್‌ನಲ್ಲೇ (ಮೇಲ್ಭಾಗ ಚಪ್ಪಟೆಯಾಗಿರುವ ದಿಬ್ಬ) ಮಾಡಿ, ಕುತ್ತಿಗೆ ಕಾಯುವ ನೆಕ್ ಬ್ರೇಸ್ ಹಾಕಿಕೊಳ್ಳಿ.